ಹಬ್ಬದೂಟ: ಎಲ್ಲಿ, ಏನು?



ಯುಗಾದಿಯು ಸಮೀಪಿಸಿತೆಂದರೆ, ಅಣ್ಣತಮ್ಮಂದಿರು ಬೇರೆಬೇರೆ ಊರುಗಳಲ್ಲಿರುವ ಸಂಸಾರಗಳಲ್ಲಿ ಎರಡು ಪ್ರಶ್ನೆಗಳೇಳುತ್ತವೆ: ಊಟ ಯಾರ ಮನೆಯಲ್ಲಿ? ಅಡಿಗೆ ಏನು? ಪ್ರಯಾಣ ಮಾಡಲಾರದ ಹಿರಿಯರು ಎಲ್ಲಿರುವರೋ ಅಲ್ಲಿಯೇ ಕೂಡುವುದು ಯುಕ್ತವೆಂದು ಎಲ್ಲರೂ ಒಪ್ಪುವರು. ಆದರೆ ಆ ಮನೆಯ ಸೊಸೆಯನ್ನು ಕೇಳುವವರಾರು? ಇಪ್ಪತ್ತು ಎಲೆಗಳಿಗೆ ಒಬ್ಬಟ್ಟು ತಟ್ಟುವವಳು ಆಕೆ. ಕಡೆಯ ಪಂಕ್ತಿಯಲ್ಲಿ ಆರಿದ ಅನ್ನವನ್ನುಣ್ಣುವವಳೂ ಆಕೆಯೇ.

ನಮ್ಮ ಹಿರಿಯರ ಅಡಿಗೆಯಲ್ಲಿ ವಿವೇಕವುಂಟು. ಬೇಳೆ ಒಂದೇ ಸಲ ಬೇಯುತ್ತದೆ. ಬೇಳೆಯಿಂದ ಹೂರಣ, ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು. ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಕೋಸಂಬರಿಗಳಿದ್ದರೆ ಎಲೆ ತುಂಬಿತು. ಇದರ ಮೇಲೆ ಮತ್ತೆ ಮೂರು ಬಗೆಯ ಭಕ್ಷ್ಯಗಳೇತಕ್ಕೆ?

ಹಳೆಯ ಮೈಸೂರು ಸೀಮೆಯಲ್ಲಿ ಮಾಂಸಾಹಾರಿಗಳ ಮನೆಗಳಲ್ಲಿ ಹಬ್ಬದ ಮರುದಿನ ಹೊಸತೊಡಕು. ಬಾಡೂಟ ಅಂದಿಗೆ ಮೀಸಲು. ಮೊದಲ ದಿನ ಒಲೆಯ ಮುಂದೆ ನಿಂತವರು ಅಂದು ಎಲೆಯ ಮುಂದೆ ಕುಳಿತುಕೊಳ್ಳಲಿ; ಬಂದ ನೆಂಟರು ಅಡಿಗೆಯನ್ನು ವಹಿಸಿಕೊಳ್ಳಲಿ. ಒಂದೇ ದಿನದ ಹಬ್ಬವುಳ್ಳವರ ಮನೆಯಲ್ಲಿ ಕಾಯಿ ತುರಿಯುವುದನ್ನೂ ಕಣಕ ನಾದುವುದನ್ನೂ ಗಂಡಸರು ಹಂಚಿಕೊಂಡರೆ ಗೌರವಕ್ಕೆ ಕುಂದಿಲ್ಲ.

ಬೇವುಬೆಲ್ಲವನ್ನು ಎಲ್ಲರೂ ಮೆಲ್ಲುವ ಮನೆಯಲ್ಲಿ ಒಲೆಯ ಬೇಗೆಯನ್ನು ಒಬ್ಬಳಿಗೇ ಬಿಡುವುದು ತರವಲ್ಲ. ಸ್ಥಳವನ್ನೂ ಅಡಿಗೆಯನ್ನೂ ಗೊತ್ತುಮಾಡುವ ಮೊದಲು ಆಕೆಯನ್ನೊಮ್ಮೆ ಕೇಳಿರಿ.