ಹೊಳೆ ಕಳೆದುಕೊಂಡ ನರಸೀಪುರ

ಹಾಸನದಲ್ಲಿ ‘ಎಚ್.ಎನ್. ಪುರ ರಸ್ತೆ’ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಆ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ನದಿಯೂ ಒಬ್ಬ ದೇವರೂ ಅಡಗಿರುವುದು ಎಷ್ಟು ಜನರಿಗೆ ನೆನಪಿದೆ?

ನರಸೀಪುರವೆಂದರೆ ನರಸಿಂಹನ ಊರು. ಇಲ್ಲಿ ಲಕ್ಷ್ಮೀನರಸಿಂಹನ ಗುಡಿಯಿದೆ. ಆದರೆ ಮೈಸೂರು ಜಿಲ್ಲೆಯಲ್ಲೂ ಗುಂಜಾನರಸಿಂಹಸ್ವಾಮಿಯ ನರಸೀಪುರವೊಂದುಂಟು. ದೇವರ ಹೆಸರು ಒಂದೇ ಆದಾಗ ಊರುಗಳನ್ನು ಬೇರೆ ಮಾಡಿದ್ದು ನೀರು. ಕಾವೇರಿ-ಕಪಿಲೆಯರ ಸಂಗಮದ್ದು ತಿರುಮಕೂಡಲು ನರಸೀಪುರ. ಹೇಮಾವತಿಯ ದಡದ್ದು ಹೊಳೆನರಸೀಪುರ. ನದಿಗೆ ಹೇಮಾವತಿಯೆಂಬ ಸಂಸ್ಕೃತದ ಹೆಸರಿದ್ದರೂ ಊರಿನ ಹೆಸರಿಗೆ ಸೇರಿದ್ದು ಮನೆಮಾತಿನ ‘ಹೊಳೆ’ಯೇ.

ಈಗ ಅದು ‘ಟಿ. ನರಸೀಪುರ’, ಇದು ‘ಎಚ್.ಎನ್. ಪುರ’. ಬೋರ್ಡಿನಲ್ಲಿ ಜಾಗ ಉಳಿಯಿತು, ನಿಜ. ಆದರೆ ಅಲ್ಲಿ ಕೂಡಲು ಹೋಯಿತು, ಇಲ್ಲಿ ಹೊಳೆಯೇ ಹೋಯಿತು. ಊರನ್ನು ಪೂರ್ತಿ ಹೆಸರಿನಿಂದ ಕರೆದರೆ ಸಾಕು, ಹೊಳೆ ಜೊತೆಗೇ ಬರುತ್ತದೆ.