ರಜೆಯಲ್ಲಿ ವಿದ್ಯಾರ್ಥಿ ನಿರುದ್ಯೋಗಿಯೇ?

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಹಿಂದಿನ ಕೂಟದಲ್ಲಿ ಅಂಗಡಿಯ ಹಿರಿಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವರಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಬೇಸಿಗೆ ರಜೆಯಲ್ಲಿ ಕಾಲೇಜೂ ಇಲ್ಲದೆ ಕೆಲಸವೂ ಇಲ್ಲದೆ ಕೂತ ವಿದ್ಯಾರ್ಥಿಗೆ ಏಕೆ ಕೊಡಬಾರದು? ಕೆಲವರು ನಕ್ಕರು. ನಗುವ ಮಾತೇನೂ ಅಲ್ಲ. ಅಲ್ಲಿ ಒಂದು ಕಾಲದಲ್ಲಿ ಕೊಡುತ್ತಿದ್ದರು. ಆಮೇಲೆ ಕಿತ್ತುಕೊಂಡರು. ಹೇಗೆ ಕಿತ್ತುಕೊಂಡರೆಂಬುದು ದುಡಿಯುವವರು ತಿಳಿಯಬೇಕಾದ ಕಥೆ.

ಬ್ರಿಟನ್ನಿನಲ್ಲಿ 1962ರ ಶಿಕ್ಷಣ ಕಾಯಿದೆಯಿಂದ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಜೀವನವೇತನ ಹಕ್ಕಾಗಿ ಬಂತು. ತಂದೆಯ ವರಮಾನ ನೋಡಿ ಅದರ ಮೊತ್ತ ಗೊತ್ತುಮಾಡುತ್ತಿದ್ದರು. ಪಾಠದ ತಿಂಗಳುಗಳಿಗೂ ಕ್ರಿಸ್‌ಮಸ್, ಈಸ್ಟರ್‌ನ ಸಣ್ಣ ರಜೆಗಳಿಗೂ ಎಂದು ಲೆಕ್ಕಹಾಕಿದ ಹಣ ಅದು. ದೊಡ್ಡ ಬೇಸಿಗೆ ರಜೆಗೆ ಅದರಲ್ಲಿ ಕಾಸಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಕೆಲಸ ಸಿಕ್ಕದವರು ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ ಸರ್ಕಾರದ ಸಹಾಯಧನ ಪಡೆಯುತ್ತಿದ್ದರು.

ಇಲ್ಲಿ ಗಿರಣಿಯ ಸಂಗಾತಿಗಳು ಒಂದು ಆಕ್ಷೇಪ ಎತ್ತಬಹುದು: ಕೂಲಿಯವನ ಬೆವರಿನಿಂದ ಮುರಿದ ದುಡ್ಡು ಕಾಲೇಜು ಹುಡುಗರಿಗೇಕೆ? ನ್ಯಾಯವಾದ ಆಕ್ಷೇಪ. ಆದರೆ ಅಲ್ಲಿ ಎರಡು ಚೀಲಗಳಿದ್ದವು. ಒಂದು, ನಮ್ಮ ಇ.ಎಸ್.ಐ. ಹಾಗೆ ವಂತಿಗೆ ಕಟ್ಟಿದವರಿಗೆ ಮಾತ್ರ ಸಿಗುವ ವಿಮೆಯ ಭತ್ಯೆ. ಇನ್ನೊಂದು, ತೆರಿಗೆಯ ಹಣದಿಂದ, ಬಡತನ ನೋಡಿ ಕೊಡುವ ಸಹಾಯ. ವಂತಿಗೆ ಕಟ್ಟಿರದ ವಿದ್ಯಾರ್ಥಿ ಹೋಗುತ್ತಿದ್ದುದು ಎರಡನೆಯದಕ್ಕೆ. ಶ್ರೀಮಂತನ ಮಗನಿಗೂ ಅದು ಸಿಕ್ಕಿತೆಂದು ದೂರುವವರಿದ್ದರು. ಇದ್ದೀತು. ಅಂಥ ದೂರಿಗೆ ಮದ್ದು ಶ್ರೀಮಂತನಿಗೆ ತೆರಿಗೆ ಹಾಕುವುದು. ಗಣಿಕಾರ್ಮಿಕನ ಮಗಳ ಊಟ ನಿಲ್ಲಿಸುವುದಲ್ಲ.

ಸಣ್ಣ ರಜೆಗಳ ಸಹಾಯ ಮೊದಲು ಹೋಯಿತು. 1990ರಲ್ಲಿ ಥ್ಯಾಚರ್ ಸರ್ಕಾರ ಬೇಸಿಗೆಯದನ್ನೂ ತೆಗೆಯಿತು. ಬಾಡಿಗೆಯ ಸಹಾಯವನ್ನೂ ಜೊತೆಗೆ ತೆಗೆಯಿತು. ಅಂಗವಿಕಲರು, ಒಂಟಿಯಾಗಿ ಮಗು ಸಾಕುವವರು ಮುಂತಾದ ಕೆಲವರನ್ನು ಮಾತ್ರ ಬಿಟ್ಟಿತು. ಅದೇ ವರ್ಷ ಜೀವನವೇತನವನ್ನು ಇದ್ದಲ್ಲಿಗೆ ನಿಲ್ಲಿಸಿ ವಿದ್ಯಾರ್ಥಿ ಸಾಲದ ಪದ್ಧತಿ ತಂದಿತು. ಲಂಡನ್ನಿನ ಹೊರಗೆ ಮನೆಬಿಟ್ಟು ಓದುವವನಿಗೆ ಆ ವರ್ಷದ ಸಾಲ 420 ಪೌಂಡು. ಹಕ್ಕಿನ ಜಾಗದಲ್ಲಿ ಋಣ ಕೂತದ್ದು ಹೀಗೆ. 1998ರಲ್ಲಿ ಬೋಧನಾಶುಲ್ಕವೂ ಬಂತು, ವರ್ಷಕ್ಕೆ 1,000 ಪೌಂಡು. 2012ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮಿತಿ 9,000ಕ್ಕೆ ಏರಿತು. ಶುಲ್ಕ ತಂದದ್ದು ಲೇಬರ್ ಪಕ್ಷದ ಸರ್ಕಾರ ಎಂಬುದನ್ನೂ ಮರೆಯುವಂತಿಲ್ಲ.

ಈಗಿನ ಯೂನಿವರ್ಸಲ್ ಕ್ರೆಡಿಟ್ ಕಾನೂನಿನಲ್ಲೂ ಪೂರ್ಣಾವಧಿ ವಿದ್ಯಾರ್ಥಿ ಕೋರ್ಸು ಸೇರಿದ ದಿನದಿಂದ ಮುಗಿಯುವ ದಿನದವರೆಗೆ, ನಡುವಿನ ಬೇಸಿಗೆಗಳೂ ಸೇರಿ, ವಿದ್ಯಾರ್ಥಿಯೇ. ಮಗು ಸಾಕುವವರು ಮತ್ತಿತರ ಕೆಲವರಿಗಷ್ಟೇ ವಿನಾಯಿತಿ. ಆ ವಿನಾಯಿತಿಯವರ ವಿಷಯದಲ್ಲಿ ಒಂದು ಸ್ವಾರಸ್ಯ ನೋಡಿ. ದೊಡ್ಡ ರಜೆಯ ತಿಂಗಳುಗಳಲ್ಲಿ ಅವರ ವಿದ್ಯಾರ್ಥಿ ಸಾಲವನ್ನು ವರಮಾನವೆಂದು ಎಣಿಸುವುದಿಲ್ಲ. ಆ ಸಾಲ ಬೇಸಿಗೆಗೆ ಸಲ್ಲುವುದಲ್ಲವೆಂದು ಕಾನೂನೇ ಒಪ್ಪಿದಂತಾಯಿತು. ಹಾಗಾದರೆ ಉಳಿದವರು ಬೇಸಿಗೆಯಲ್ಲಿ ಏನು ತಿನ್ನಬೇಕು? ಅಪ್ಪನ ಕೂಲಿ ತಿನ್ನಬೇಕು. ಅಪ್ಪನಿಗೆ ಕೂಲಿಯಿಲ್ಲದಿದ್ದರೆ ಸಿಕ್ಕ ದರಕ್ಕೆ ದುಡಿಯಬೇಕು. ಅಂಥವನು ಹೋಟೆಲಿನ ಕೆಲಸಕ್ಕೆ ಕಡಿಮೆ ಕೂಲಿಗೆ ಒಪ್ಪಿದರೆ ಪೆಟ್ಟು ಬೀಳುವುದು ಅಲ್ಲಿನ ಖಾಯಂ ಕೆಲಸಗಾರನಿಗೂ.

ಗಿರಣಿಯ ಗೇಟಿನಲ್ಲಿ ನಿಂತ ಬದಲಿ ಕಾರ್ಮಿಕನ ಸ್ಥಿತಿ ಇದಕ್ಕಿಂತ ಬೇರೆಯೇ? ಅವನ ಹೆಸರು ರಿಜಿಸ್ಟರಿನಲ್ಲಿದೆ, ಆದ್ದರಿಂದ ನಿರುದ್ಯೋಗಿಯಲ್ಲ. ಇಂದು ಕರೆಯಲಿಲ್ಲ, ಆದ್ದರಿಂದ ಕೂಲಿಯಿಲ್ಲ. 1953ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ಲೇ-ಆಫ್ ಪರಿಹಾರ ಸೇರಿಸಿದಾಗಲೂ ಬದಲಿಯವನನ್ನು ಹೊರಗೇ ಇಟ್ಟರು. ನಾವು ಮೇಷ್ಟರಾಗಿದ್ದಾಗ ಬೇಸಿಗೆ ರಜೆಗೂ ಸಂಬಳ ಬರುತ್ತಿತ್ತು, ನೀನು ನಿರುದ್ಯೋಗಿಯೋ ಉದ್ಯೋಗಿಯೋ ಎಂದು ಯಾರೂ ಕೇಳಲಿಲ್ಲ! ನಮ್ಮ ಮಟ್ಟಿಗೆ ಅಳತೆ ಒಂದೇ: ನಾಳೆ ಬೆಳಗಿನ ಪಾಳಿಗೆ ಬಾ ಎಂದರೆ ಬರಲು ಸಿದ್ಧನಿದ್ದೂ ಕೆಲಸ ಸಿಗದವನು ನಿರುದ್ಯೋಗಿ. ಅವನ ಹೆಸರು ಯಾರ ಪುಸ್ತಕದಲ್ಲಿದೆ ಎಂಬುದು ಮುಖ್ಯವಲ್ಲ.

ಇನ್ನು ನಮ್ಮ ಕಡೆಯಿಂದ ಅಲ್ಲಿಗೆ ಹೋದ ಮಕ್ಕಳ ವಿಚಾರ. ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಸಾರ್ವಜನಿಕ ಸಹಾಯ ಯಾವುದೂ ಇಲ್ಲ. ಅದು ವೀಸಾದ ಷರತ್ತು. ಪದವಿ ಓದುವವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಆದರೆ ಒಂದು ವರ್ಷದ ಎಂ.ಎಸ್ಸಿ.ಗೆ ಹೋದವನಿಗೆ ಬೇಸಿಗೆ ರಜೆಯಲ್ಲ, ಪ್ರಬಂಧ ಬರೆಯುವ ಕಾಲ. ಆಗಲೂ ಅದೇ 20 ಗಂಟೆ. ಬೇಸಿಗೆಯಲ್ಲಿ ದುಡಿದು ಸಾಲ ತೀರಿಸುತ್ತಾನೆಂಬ ಏಜೆಂಟನ ಮಾತು ನಂಬಿ ಮನೆಪತ್ರ ಅಡವಿಡುವ ಮೊದಲು ಇದನ್ನು ತಿಳಿದಿರಬೇಕು.

ನಮ್ಮಲ್ಲಿ ರಜೆಯ ಭತ್ಯೆಯ ಮಾತೇ ಇಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಯುವನಿಧಿ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500 ರೂಪಾಯಿ ಎಂದಿತು. ತೇರ್ಗಡೆಯಾಗಿ 180 ದಿನ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಇಷ್ಟಾದರೂ ಬಂದದ್ದನ್ನು ನಾವು ಸ್ವಾಗತಿಸಿದೆವು. ಆದರೆ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದು ಇಲ್ಲ. ನೇಕಾರನ ಮಗಳು ಬಿ.ಎ. ಮುಗಿಸಿ ಮನೆಯಲ್ಲಿ ಕೂತರೆ 3,000, ಎಂ.ಎ.ಗೆ ಸೇರಿದರೆ ಸೊನ್ನೆ. ಓದು ಬಿಡಿಸಲು ಸರ್ಕಾರವೇ ಹಣ ತೆತ್ತಂತೆ!

ಓದುವವರಿಗೆ ಜೀವನವೇತನ ಬೇಕು, ಅದು ಹನ್ನೆರಡು ತಿಂಗಳೂ ಬೇಕು. ಅದನ್ನು ಕೊಡದಿದ್ದರೆ ರಜೆಯಲ್ಲಿ ಕೆಲಸ ಕೊಡಲಿ; ಎರಡೂ ಆಗದಿದ್ದರೆ ಭತ್ಯೆ ಕೊಡಲಿ. ಈ ಮೂರರಲ್ಲಿ ಒಂದನ್ನು ಕೇಳುವ ಮನವಿ ಸಿದ್ಧವಾಗಿದೆ. ಕಾಲೇಜಿಗೆ ಹೋಗುವ ಮಕ್ಕಳಿರುವವರು, ಅರ್ಜಿ ಹಾಕಿಯೂ ಯುವನಿಧಿ ಬಾರದವರು ಕಾಗದಪತ್ರಗಳೊಂದಿಗೆ ಪಕ್ಷದ ಕಚೇರಿಗೆ ಬನ್ನಿ. ಎರಡನೆಯ ಪಾಳಿಯವರಿಗಾಗಿ ಭಾನುವಾರ ಬೆಳಿಗ್ಗೆಯೂ ತೆರೆದಿರುತ್ತದೆ.