ಮನೆ ಕೊಳ್ಳುವ ಮುನ್ನ ಕಟ್ಟಡದ ತಪಾಸಣೆ

ಮುಂಬಯಿ ಮಹಾನಗರದಲ್ಲಿ ಸ್ವಂತ ಮನೆ ಕೊಳ್ಳುವುದೆಂದರೆ, ಮಧ್ಯಮ ವರ್ಗದ ಕುಟುಂಬವೊಂದು ತನ್ನ ಜೀವಮಾನದ ಉಳಿತಾಯವನ್ನೂ ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಸಂಪಾದನೆಯ ದೊಡ್ಡ ಪಾಲನ್ನೂ ಒಂದೇ ಕಡೆ ತೊಡಗಿಸುವುದೆಂದು ಅರ್ಥ. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಇದಕ್ಕೆ ಹೊರತಲ್ಲ. ಮನೆ ನೋಡಲು ಹೋದವರು ರೈಲು ನಿಲ್ದಾಣ ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತದೆ, ಚದರಡಿಗೆ ಬೆಲೆ ಎಷ್ಟು ಎಂದು ತಪ್ಪದೆ ವಿಚಾರಿಸುತ್ತಾರೆ. ಆ ಮನೆಯನ್ನು ಹೊತ್ತು ನಿಂತ ಕಂಬಗಳು ಹೇಗಿವೆ ಎಂದು ಕೇಳುವವರು ವಿರಳ. ಕೊಳ್ಳುವ ಮುನ್ನ ತಜ್ಞರಿಂದ ಕಟ್ಟಡವನ್ನು ತಪಾಸಣೆ ಮಾಡಿಸಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಹಲವರು ಅನಗತ್ಯ ಖರ್ಚಿನ ಮಾತೆಂದು ಬದಿಗೆ ಸರಿಸುತ್ತಾರೆ. ಈ ಪ್ರಶ್ನೆಯನ್ನು ಕಾನೂನು, ಕಟ್ಟಡದ ಸ್ಥಿತಿ ಮತ್ತು ದಾಖಲೆ ಎಂಬ ಮೂರು ದೃಷ್ಟಿಗಳಿಂದ ಪರಿಶೀಲಿಸುವುದು ಯುಕ್ತ.

ಮೊದಲು ಕಾನೂನಿನ ಮಾತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮು ಮಾರಾಟಗಾರನ ಹೊಣೆಯನ್ನು ಹೇಳುತ್ತದೆ. ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದಿರುವ ಮಹತ್ವದ ದೋಷವನ್ನು ಅವನು ಬಹಿರಂಗಪಡಿಸಬೇಕು. ಆದರೆ ಇದಕ್ಕೊಂದು ಮಿತಿ ಇದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆ ವಹಿಸಿದರೂ ಕಂಡುಹಿಡಿಯಲಾಗದ ದೋಷಕ್ಕೆ ಮಾತ್ರ ಈ ಹೊಣೆ ಅನ್ವಯಿಸುತ್ತದೆ. ಕಣ್ಣಿಟ್ಟು ನೋಡಿದ್ದರೆ ಕಾಣಬಹುದಾಗಿದ್ದ ಬಿರುಕಿಗೆ, ಕೇಳಿದ್ದರೆ ಸಿಗಬಹುದಾಗಿದ್ದ ನೋಟಿಸಿಗೆ ಕಾನೂನು ಆಸರೆ ನೀಡುವುದು ಕಷ್ಟ. ತಪಾಸಣೆಯ ಅಗತ್ಯ ಹುಟ್ಟುವುದೇ ಈ ಮಿತಿಯಿಂದ.

ಬ್ಯಾಂಕು ಸಾಲ ಮಂಜೂರು ಮಾಡಿದೆಯೆಂದ ಮೇಲೆ ಕಟ್ಟಡ ಭದ್ರವಾಗಿರಲೇಬೇಕು ಎಂಬ ನಂಬಿಕೆ ಬಹುಮಂದಿಯಲ್ಲಿದೆ. ಇದು ಸರಿಯಲ್ಲ. ಬ್ಯಾಂಕಿನ ಮೌಲ್ಯಮಾಪಕರು ಮುಖ್ಯವಾಗಿ ನೋಡುವುದು, ಕೊಟ್ಟ ಸಾಲಕ್ಕೆ ತಕ್ಕ ಬೆಲೆ ಆ ಸ್ವತ್ತಿಗೆ ಇದೆಯೇ ಎಂಬುದನ್ನು. ಕಂಬದೊಳಗಿನ ಉಕ್ಕಿನ ಸರಳು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸವಲ್ಲ. ಆ ವರದಿ ಬ್ಯಾಂಕಿನ ರಕ್ಷಣೆಗೆ ಸಿದ್ಧವಾದದ್ದೇ ಹೊರತು ಕೊಳ್ಳುವವರ ರಕ್ಷಣೆಗಲ್ಲ.

ಮುಂಬಯಿಯಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ಮೂರು ಕಡೆ ನೀರು ಸುತ್ತುವರಿದ ಈ ನಗರದ ಗಾಳಿಯಲ್ಲಿ ಲವಣಾಂಶ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಹೊಸ ಕಾಂಕ್ರೀಟು ಕ್ಷಾರಗುಣ ಹೊಂದಿದ್ದು ಒಳಗಿನ ಉಕ್ಕನ್ನು ಕಾಯುತ್ತದೆ. ಕಾಲಕ್ರಮದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನೊಳಗೆ ಸೇರಿ ಆ ಕ್ಷಾರಗುಣವನ್ನು ಕುಗ್ಗಿಸುತ್ತದೆ. ಸಮುದ್ರದ ಲವಣವೂ ನೀರೂ ಸರಳನ್ನು ತಲುಪುತ್ತವೆ. ತುಕ್ಕು ಹಿಡಿದ ಉಕ್ಕು ಮೊದಲಿಗಿಂತ ಬಹಳ ಹೆಚ್ಚು ಜಾಗ ಬೇಡುವುದರಿಂದ ಹೊರಗಿನ ಕಾಂಕ್ರೀಟು ಬಿರಿಯುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಒಳಸೇರುತ್ತದೆ. ಗಿಲಾವು ಹಚ್ಚಿ ಬಣ್ಣ ಬಳಿದರೆ ಬಿರುಕು ಮುಚ್ಚಿಹೋಗುತ್ತದೆ, ತುಕ್ಕು ನಿಲ್ಲುವುದಿಲ್ಲ.

ಹಳೆಯ ಕಟ್ಟಡ ಮಾತ್ರ ಅಪಾಯಕಾರಿ ಎಂದು ಭಾವಿಸುವುದೂ ತಪ್ಪು. 2017ರ ಆಗಸ್ಟ್ 31ರಂದು ಭಿಂಡಿ ಬಜಾರ್ ಪ್ರದೇಶದಲ್ಲಿ ಕುಸಿದ ಹುಸೇನಿ ಕಟ್ಟಡಕ್ಕೆ ನೂರು ವರ್ಷ ಮೀರಿತ್ತು, ನಿಜ. ಆದರೆ 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡ್ ಬಳಿ ಕುಸಿದು 61 ಜನರನ್ನು ಬಲಿ ತೆಗೆದುಕೊಂಡ ಮಹಾನಗರಪಾಲಿಕೆಯ ವಸತಿ ಕಟ್ಟಡಕ್ಕೆ ಮೂವತ್ತು ವರ್ಷಗಳಿಗಿಂತ ತುಸು ಹೆಚ್ಚು ವಯಸ್ಸಾಗಿತ್ತು ಅಷ್ಟೆ. 2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಜನ ಮಡಿದರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ನವೀಕರಣದ ಕಾಮಗಾರಿಯೇ ಕಾರಣವೆಂಬ ಆರೋಪ ಕೇಳಿಬಂದಿತು. ಮೇಲಿನ ಮಹಡಿಯಲ್ಲಿ ಎಷ್ಟೇ ಅಂದವಾದ ಮನೆಯಿದ್ದರೂ ಅದರ ಭದ್ರತೆ ಕೆಳಗಿನ ಅಂಗಡಿಯವರು ಕಂಬಗಳಿಗೆ ಏನು ಮಾಡಿದ್ದಾರೆ ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಕೊಳ್ಳುವ ಮನೆಯೊಂದನ್ನೇ ನೋಡಿದರೆ ಸಾಲದು. ನೆಲಮಹಡಿಯಿಂದ ತಾರಸಿಯ ನೀರಿನ ತೊಟ್ಟಿಯವರೆಗೆ ಇಡೀ ಕಟ್ಟಡವನ್ನು ನೋಡಬೇಕು.

ಹಾಗಾದರೆ ಎಲ್ಲ ಖರೀದಿಗೂ ಪ್ರತ್ಯೇಕ ತಪಾಸಣೆ ಅಗತ್ಯವೇ? ಇದನ್ನು ಕಟ್ಟಡದ ವಯಸ್ಸು ಮತ್ತು ಲಭ್ಯ ವರದಿಗಳನ್ನು ನೋಡಿ ನಿರ್ಧರಿಸಬಹುದು.

ಹೊಸ ಕಟ್ಟಡಕ್ಕೆ 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, ಅಂದರೆ ರೇರಾ, ರಕ್ಷಣೆ ನೀಡುತ್ತದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ನಿರ್ಮಾಪಕರು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಇಂಥಲ್ಲಿ ಕೀಲಿಕೈ ಪಡೆಯುವಾಗ ಇಂಜಿನಿಯರರೊಬ್ಬರಿಂದ ಮನೆಯನ್ನು ನೋಡಿಸಿ, ದೋಷಗಳನ್ನು ಬರಹದಲ್ಲಿ ತಿಳಿಸಿದರೆ ಬಹುಮಟ್ಟಿಗೆ ಸಾಕು.

ಹದಿನೈದು ವರ್ಷ ಮೀರಿದ ಕಟ್ಟಡದ ವಿಷಯ ಬೇರೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷಗಳ ಕಟ್ಟಡಕ್ಕೆ ಐದು ವರ್ಷಗಳಿಗೊಮ್ಮೆ, 30 ವರ್ಷ ಮೀರಿದ್ದಕ್ಕೆ ಮೂರು ವರ್ಷಗಳಿಗೊಮ್ಮೆ ರಚನಾ ತಪಾಸಣೆ, ಅಂದರೆ ಸ್ಟ್ರಕ್ಚರಲ್ ಆಡಿಟ್, ನಡೆಯಬೇಕು. ಮುಂಬಯಿ ಮಹಾನಗರಪಾಲಿಕೆ ಅಧಿನಿಯಮದ 353-ಬಿ ಕಲಮು ಸಹ 30 ವರ್ಷ ಮೀರಿದ ಕಟ್ಟಡಗಳನ್ನು ಪಾಲಿಕೆಯಲ್ಲಿ ನೋಂದಾಯಿತರಾದ ಸ್ಟ್ರಕ್ಚರಲ್ ಇಂಜಿನಿಯರರಿಂದ ಪರೀಕ್ಷೆಗೊಳಪಡಿಸಬೇಕೆಂದು ವಿಧಿಸುತ್ತದೆ. ಆದ್ದರಿಂದ ಕೊಳ್ಳುವವರು ಮೊದಲು ಸೊಸೈಟಿಯ ಕಾರ್ಯದರ್ಶಿಯಿಂದ ಇತ್ತೀಚಿನ ವರದಿಯ ಪ್ರತಿಯನ್ನು ಕೇಳಬೇಕು. ಸಕಾಲದ ವರದಿಯಿದ್ದು, ಅದರಲ್ಲಿ ಸೂಚಿಸಿದ ದುರಸ್ತಿ ನಡೆದಿದ್ದರೆ ಹೊಸದಾಗಿ ಪೂರ್ಣ ತಪಾಸಣೆ ಬೇಕಾಗದು. ವರದಿಯೇ ಇಲ್ಲದಿದ್ದರೆ, ಅಥವಾ ತೋರಿಸಲು ಹಿಂಜರಿದರೆ, ಸ್ವತಂತ್ರ ತಜ್ಞರ ಅಭಿಪ್ರಾಯವಿಲ್ಲದೆ ಮುಂದುವರಿಯಬಾರದು.

ಮಹಾನಗರಪಾಲಿಕೆಯು ಶಿಥಿಲ ಕಟ್ಟಡಗಳನ್ನು ವರ್ಗೀಕರಿಸುತ್ತದೆ. ಸಿ-1 ಎಂದರೆ ತೆರವುಗೊಳಿಸಿ ಕೆಡವಬೇಕಾದದ್ದು. ಸಿ-2ಎ ಎಂದರೆ ಜನರನ್ನು ತೆರವುಗೊಳಿಸಿ ದೊಡ್ಡ ದುರಸ್ತಿ ಮಾಡಬೇಕಾದದ್ದು. ಸಿ-2ಬಿ ಎಂದರೆ ತೆರವುಗೊಳಿಸದೆಯೇ ರಚನಾ ದುರಸ್ತಿ ಮಾಡಬಹುದಾದದ್ದು. ಸಿ-3 ಎಂದರೆ ಸಣ್ಣ ದುರಸ್ತಿ ಸಾಕಾಗುವಂಥದ್ದು. ಆದರೆ ವರ್ಗವೊಂದನ್ನೇ ನೋಡಿ ನೆಮ್ಮದಿಪಡುವಂತಿಲ್ಲ. 2022ರ ಜೂನ್ 27ರಂದು ಕುರ್ಲಾದ ನಾಯಕ್ ನಗರದಲ್ಲಿ ಕುಸಿದು 19 ಜನರ ಸಾವಿಗೆ ಕಾರಣವಾದ ಕಟ್ಟಡಕ್ಕೆ ಹಿಂದೆ ಅಪಾಯದ ನೋಟಿಸ್ ನೀಡಲಾಗಿತ್ತು. ಅನಂತರದ ವರದಿಯೊಂದು ಅದನ್ನು ದುರಸ್ತಿಗೆ ಯೋಗ್ಯವೆಂದು ಪರಿಗಣಿಸಿತ್ತು. ವರದಿಯನ್ನು ಯಾರು, ಯಾವಾಗ, ಯಾರ ಕೋರಿಕೆಯ ಮೇರೆಗೆ ಸಿದ್ಧಪಡಿಸಿದರು, ಸೂಚಿಸಿದ ದುರಸ್ತಿ ನಡೆಯಿತೇ ಎಂಬುದನ್ನೂ ವಿಚಾರಿಸಬೇಕು.

ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ದ್ವೀಪನಗರದಲ್ಲಿ 1969ಕ್ಕೆ ಮುಂಚಿನ ಉಪಕರ ವಿಧಿತ ಕಟ್ಟಡಗಳಿವೆ. ಆರಂಭದಲ್ಲಿ ಇವುಗಳ ಸಂಖ್ಯೆ 19,642 ಇತ್ತು. ಇವುಗಳ ದುರಸ್ತಿಯನ್ನು ಮ್ಹಾಡಾ ಸಂಸ್ಥೆಯ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ ನೋಡಿಕೊಳ್ಳುತ್ತದೆ. ಇಂಥ ಕಡೆ ‘ಪಗಡಿ’ ಕೊಟ್ಟು ಪಡೆಯುವುದು ಬಾಡಿಗೆದಾರನ ಹಕ್ಕೇ ಹೊರತು ಮಾಲೀಕತ್ವವಲ್ಲ ಎಂಬುದನ್ನು ಮರೆಯಬಾರದು. ಮಳೆಗಾಲಕ್ಕೆ ಮೊದಲು ಮ್ಹಾಡಾ ಮತ್ತು ಮಹಾನಗರಪಾಲಿಕೆ ಅತ್ಯಂತ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಅದನ್ನು ನೋಡಲು ಖರ್ಚಿಲ್ಲ. ಕಟ್ಟಡ ಹೇಗೂ ಪುನರಭಿವೃದ್ಧಿಗೆ ಹೋಗುತ್ತದೆ, ತಪಾಸಣೆ ಏಕೆ ಎಂದು ದಲ್ಲಾಳಿಗಳು ಹೇಳುವುದುಂಟು. ಒಪ್ಪಂದವಾಗಿ, ಪರವಾನಗಿ ದೊರೆತು, ಕೆಲಸ ಆರಂಭವಾಗುವವರೆಗೆ ಆ ಕುಟುಂಬ ಅದೇ ಚಾವಣಿಯ ಕೆಳಗೆ ವರ್ಷಗಟ್ಟಲೆ ಮಲಗಬೇಕಾಗುತ್ತದೆ.

ತಜ್ಞರ ಪರೀಕ್ಷೆ ಮೊದಲು ಕಣ್ಣಿನ ನೋಟದಿಂದ ಆರಂಭವಾಗುತ್ತದೆ. ತೊಲೆಯ ಉದ್ದಕ್ಕೂ ಓಡಿದ ಬಿರುಕು, ಬಡಿದರೆ ಟೊಳ್ಳು ಸದ್ದು ಕೊಡುವ ಗಿಲಾವು, ಮೇಲಿನ ಸ್ನಾನದ ಮನೆಯಿಂದ ಇಳಿದ ತೇವ, ಹೊರಗೋಡೆಯ ಕೊಳವೆಯ ಸಂದಿಯಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿ ಇವೆಲ್ಲ ಸೂಚನೆಗಳು. ಮಾರಾಟಕ್ಕೆ ಮುನ್ನ ಬಳಿದ ಹೊಸ ಬಣ್ಣವನ್ನೂ ಅಲಂಕಾರದ ಸುಳ್ಳು ಚಾವಣಿಯನ್ನೂ ಸಂಶಯದಿಂದಲೇ ನೋಡಬೇಕು. ಸಂಶಯ ಬಂದಲ್ಲಿ ರೀಬೌಂಡ್ ಹ್ಯಾಮರ್‌ನಿಂದ ಕಾಂಕ್ರೀಟಿನ ಮೇಲ್ಮೈಯ ಗಟ್ಟಿತನವನ್ನೂ, ಶ್ರವಣಾತೀತ ತರಂಗಗಳ ವೇಗದಿಂದ ಒಳಗಿನ ಟೊಳ್ಳನ್ನೂ ಅಳೆಯುತ್ತಾರೆ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರಗುಣ ಉಳಿದ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಳೆದುಕೊಂಡ ಭಾಗ ಬಣ್ಣ ತಾಳುವುದಿಲ್ಲ. ಕಂಬಗಳ ಪರೀಕ್ಷೆಗೆ ಸೊಸೈಟಿಯ ಅನುಮತಿ ಬೇಕಾಗುತ್ತದೆ. ಸಾಧ್ಯವಾದರೆ ಮನೆಯನ್ನು ಒಮ್ಮೆ ಜುಲೈ ತಿಂಗಳ ಮಳೆಯಲ್ಲಿ ನೋಡುವುದು ಒಳ್ಳೆಯದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂದು ನೆಲಮಹಡಿಯ ಹಳೆಯ ನಿವಾಸಿಗಳನ್ನು ಕೇಳುವುದೂ ತಪಾಸಣೆಯ ಭಾಗವೇ.

ದಾಖಲೆಗಳ ತಪಾಸಣೆಯೂ ಅಷ್ಟೇ ಮುಖ್ಯ. ವರ್ಲಿಯ ಕ್ಯಾಂಪಾ ಕೋಲಾ ಆವರಣದ ಪ್ರಕರಣ ಇದಕ್ಕೆ ನಿದರ್ಶನ. 1980ರ ದಶಕದಲ್ಲಿ ಅನುಮತಿ ಇದ್ದದ್ದಕ್ಕಿಂತ ಹೆಚ್ಚಾಗಿ ಅಲ್ಲಿ ಮಹಡಿಗಳನ್ನು ಕಟ್ಟಲಾಯಿತು. ಅವು ಅನಧಿಕೃತವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಕಟ್ಟಡ ಗಟ್ಟಿಯಾಗಿದ್ದರೂ ನಿವಾಸಿಗಳ ಹಕ್ಕು ಗಟ್ಟಿಯಾಗಿರಲಿಲ್ಲ. ಆದುದರಿಂದ ಮಂಜೂರಾದ ನಕ್ಷೆ, ವಾಸಯೋಗ್ಯತಾ ಪ್ರಮಾಣಪತ್ರ ಅಂದರೆ ಓ.ಸಿ., ಜಾಗ ಸೊಸೈಟಿಯ ಹೆಸರಿಗೆ ಬಂದಿದೆಯೇ ಎಂದು ತೋರಿಸುವ ಹಸ್ತಾಂತರ ಪತ್ರ, ನಗರ ಭೂಮಾಪನ ಕಚೇರಿಯ ಪ್ರಾಪರ್ಟಿ ಕಾರ್ಡ್ ಇವುಗಳನ್ನು ವಕೀಲರಿಗೆ ತೋರಿಸಬೇಕು. ಇವುಗಳಲ್ಲಿ ಕೆಲವು ಮರಾಠಿಯಲ್ಲಿರುತ್ತವೆ. ಆ ಭಾಷೆ ಓದಲು ಬಾರದವರು ಅರ್ಥಮಾಡಿಕೊಳ್ಳದೆ ಸಹಿ ಹಾಕಬಾರದು.

ಈ ಎಲ್ಲವೂ ಮುಂಗಡ ಹಣ ಕೈಬದಲಾಗುವ ಮುನ್ನ ನಡೆದರೆ ಉತ್ತಮ. ಅದು ಅಸಾಧ್ಯವಾದರೆ, ತಪಾಸಣೆಯಲ್ಲಿ ಗಂಭೀರ ದೋಷ ಕಂಡುಬಂದಲ್ಲಿ ಮುಂಗಡವನ್ನು ಹಿಂದಿರುಗಿಸತಕ್ಕದ್ದೆಂಬ ಷರತ್ತನ್ನು ಬರಹದಲ್ಲಿ ಸೇರಿಸಬೇಕು. ದೋಷ ಕಂಡ ಮಾತ್ರಕ್ಕೆ ಖರೀದಿಯನ್ನು ಕೈಬಿಡಬೇಕೆಂದೇನೂ ಇಲ್ಲ. ದುರಸ್ತಿಯ ಅಂದಾಜು ವೆಚ್ಚ ಎಷ್ಟು, ಸೊಸೈಟಿಯ ದುರಸ್ತಿ ನಿಧಿಯಲ್ಲಿ ಎಷ್ಟು ಹಣವಿದೆ, ಹೊಸ ಸದಸ್ಯರ ಪಾಲಿಗೆ ಎಷ್ಟು ಬೀಳುತ್ತದೆ ಎಂದು ತಿಳಿದ ಮೇಲೆ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬಹುದು. ಕಂಬಗಳೇ ಕೆಟ್ಟಿವೆಯೆಂದು ತಜ್ಞರು ಹೇಳಿದರೆ ಮಾತ್ರ ಚೌಕಾಸಿಗೆ ಆಸ್ಪದವಿಲ್ಲ; ಹಿಂದೆ ಸರಿಯುವುದೇ ಲೇಸು.

ತಪಾಸಣೆಗೆ ತಗಲುವ ಹಣ ಮನೆಯ ಬೆಲೆಯ ಎದುರು ಅತ್ಯಲ್ಪ. ಚಿನ್ನ ಕೊಳ್ಳುವಾಗ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಜನರ ರೂಢಿ. ಮಕ್ಕಳುಮರಿಗಳೊಡನೆ ಬಾಳಬೇಕಾದ ಮನೆಯನ್ನು ಒರೆಗೆ ಹಚ್ಚದೆ ಕೊಳ್ಳುವುದು ವಿವೇಕವೆನಿಸದು.